ಉಪ್ಪುನೀರೂ ಸಿಹಿನೀರೂ ಕೂಡುವ ಜಿಲ್ಲೆ

ಮುಂಬಯಿಯ ಕನ್ನಡಿಗರಿಗೆ ಉತ್ತರ ಕನ್ನಡ ಜಿಲ್ಲೆಯು ಅಪರಿಚಿತವಾದುದಲ್ಲ. ನಮ್ಮ ವರ್ಗಗಳಲ್ಲಿ “ನಿಮ್ಮ ಊರು ಯಾವುದು?” ಎಂದು ಕೇಳಿದರೆ ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ ಎಂದು ಉತ್ತರವೀಯುವ ಮಕ್ಕಳು ಪ್ರತಿವರ್ಷವೂ ಇದ್ದೇ ಇರುತ್ತಾರೆ. ಇದಕ್ಕೆ ಕಾರಣವುಂಟು. ೧೮೬೨ರಲ್ಲಿ ಈ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ೧೯೫೬ರ ನವೆಂಬರ ೧ರಂದು ಅದು ಅಂದಿನ ಮೈಸೂರು ರಾಜ್ಯದಲ್ಲಿ ಕೂಡುವವರೆಗೆ, ಅಂದರೆ ತೊಂಬತ್ತು ವರ್ಷಗಳಿಗೂ ಮೀರಿ, ಅಲ್ಲಿಯ ಜನರಿಗೆ ರಾಜಧಾನಿಯೆಂದರೆ ಮುಂಬಯಿಯೇ ಆಗಿತ್ತು. ವಿದ್ಯೆಗೂ ಉದ್ಯೋಗಕ್ಕೂ ಅವರು ಇಲ್ಲಿಗೇ ಬಂದರು. ಚುಟುಕಗಳ ಕವಿ ದಿನಕರ ದೇಸಾಯಿಯವರು ಮುಂಬಯಿಯಲ್ಲಿದ್ದುಕೊಂಡೇ ೧೯೫೩ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ತಮ್ಮ ಜಿಲ್ಲೆಯ ಮಕ್ಕಳಿಗೆ ಶಾಲೆಗಳನ್ನು ತೆರೆದರು. ಯಶವಂತ ಚಿತ್ತಾಲರು ತಮ್ಮ ಬಾಳಿನ ಬಹುಭಾಗವನ್ನು ಈ ನಗರದಲ್ಲಿ ಕಳೆದರೂ ಹುಟ್ಟೂರಾದ ಹನೇಹಳ್ಳಿಯನ್ನು ತಮ್ಮ ಕಥೆಗಳಲ್ಲಿ ಎಂದೂ ಬಿಡಲಿಲ್ಲ.

ಆದರೂ ಈ ಜಿಲ್ಲೆಯನ್ನು ನಾವು ನೋಡುವ ಬಗೆ ಸಮಾಧಾನಕರವಾಗಿಲ್ಲ. ಅಲ್ಲಿ ಅಜ್ಜನ ಮನೆಯುಳ್ಳ ಮಕ್ಕಳು ದೀಪಾವಳಿಯ ಸೂಟಿಯಲ್ಲಿ ಹೋಗಿ, ಮೀನೂಟ ಉಂಡು, ಕಡಲಲ್ಲಿ ಆಡಿ ಬರುವರು. ಅಜ್ಜನ ಮನೆಯಿಲ್ಲದವರು ಪ್ರವಾಸದ ಬಸ್ಸಿನಲ್ಲಿ ಹೋಗಿ, ಮುರುಡೇಶ್ವರದ ಶಿವನ ದೊಡ್ಡ ಮೂರ್ತಿಯ ಮುಂದೆ ಭಾವಚಿತ್ರ ತೆಗೆಸಿಕೊಂಡು, ದಾಂಡೇಲಿಯ ಕಾಡಿನಲ್ಲಿ ಹುಲಿ ಕಾಣಲಿಲ್ಲವೆಂದು ಗೊಣಗುತ್ತ ಮರಳುವರು. ಕಾಡಿಗೆ ಒಂದು ದಿನ, ಕಡಲಿಗೆ ಒಂದು ದಿನ, ಊಟವಂತೂ ಹೊತ್ತು ಹೊತ್ತಿಗೆ. ಈ ಮೂರೂ ಬೇರೆ ಬೇರೆ ಎಂಬುದೇ ಎಲ್ಲರ ಭಾವನೆ. ನಿಜವಾಗಿ ನೋಡಿದರೆ ಅಲ್ಲಿಯ ತಟ್ಟೆಯಲ್ಲಿ ಬಂದ ಮೀನಿಗೂ ಘಟ್ಟದ ಮೇಲೆ ನಿಂತ ಮರಕ್ಕೂ ಸಂಬಂಧವಿದೆ. ಆ ಸಂಬಂಧವನ್ನು ಹೊತ್ತು ತರುವುದು ನದಿ. ಆದುದರಿಂದ ಈ ಪಾಠದಲ್ಲಿ ನಾವು ನದಿಯ ಜೊತೆಯಲ್ಲಿಯೇ ಘಟ್ಟದಿಂದ ಕಡಲಿಗೆ ಇಳಿಯೋಣ.

ಮೊದಲು ನೆಲದ ರೂಪವನ್ನು ನಕಾಶೆಯಲ್ಲಿ ನೋಡಿಕೊಳ್ಳಿರಿ. ಪೂರ್ವಕ್ಕೆ ಸಹ್ಯಾದ್ರಿ, ಪಶ್ಚಿಮಕ್ಕೆ ಅರಬೀ ಸಮುದ್ರ, ನಡುವೆ ಕಿರಿದಾದ ಕರಾವಳಿ. ಕಾರವಾರದ ಬಳಿ ಬೆಟ್ಟಗಳು ಕಡಲಿನ ಅಂಚಿನವರೆಗೂ ಬಂದು ನಿಂತಿವೆ. ಜಿಲ್ಲೆಯ ಮುಕ್ಕಾಲು ಪಾಲಿಗೂ ಹೆಚ್ಚು ಭಾಗ ಕಾಡು. ಈ ಕಾಡಿನ ನಡುವಿನಿಂದ ಉತ್ತರದಲ್ಲಿ ಕಾಳಿ, ಅದರ ದಕ್ಷಿಣಕ್ಕೆ ಕ್ರಮವಾಗಿ ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನದಿಗಳು ಪಶ್ಚಿಮಕ್ಕೆ ಹರಿದು ಸಮುದ್ರವನ್ನು ಸೇರುವುವು. ಕೃಷ್ಣೆ ಗೋದಾವರಿಗಳಂತೆ ಇವು ದೂರದ ಪ್ರಯಾಣ ಮಾಡುವ ನದಿಗಳಲ್ಲ. ಕಾಳಿಯ ಉದ್ದ ಸುಮಾರು ೧೮೪ ಕಿಲೋಮೀಟರು, ಅಘನಾಶಿನಿಯದು ಸುಮಾರು ೧೨೦. ಇಷ್ಟು ಚಿಕ್ಕ ದಾರಿಯಲ್ಲಿಯೇ ಘಟ್ಟದ ಎತ್ತರವನ್ನೆಲ್ಲ ಇಳಿಯಬೇಕಾಗಿರುವುದರಿಂದ ಇವು ಧುಮುಕುವ ನದಿಗಳು. ಅಘನಾಶಿನಿಯು ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ೧೧೬ ಮೀಟರು ಎತ್ತರದಿಂದ ಬೀಳುತ್ತದೆ. ಶರಾವತಿಯ ಜೋಗವನ್ನು ನೀವೆಲ್ಲ ಪಠ್ಯಪುಸ್ತಕದಲ್ಲಿ ಓದಿಯೇ ಇದ್ದೀರಿ.

ಧುಮುಕುವ ನದಿಯನ್ನು ಕಂಡರೆ ಎಂಜಿನಿಯರರಿಗೆ ವಿದ್ಯುತ್ತಿನ ನೆನಪಾಗುವುದು ಸಹಜ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು ೧೯೬೪ರಲ್ಲಿ ಪೂರ್ಣವಾಯಿತು. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಮೊದಲಾದ ಅಣೆಕಟ್ಟುಗಳಿವೆ. ಸೂಪಾ ಎಂಬ ಹಳೆಯ ಊರೇ ಆ ಜಲಾಶಯದ ತಳದಲ್ಲಿ ಮುಳುಗಿದೆ. ಅಘನಾಶಿನಿಗೆ ಮಾತ್ರ ಹುಟ್ಟಿದಲ್ಲಿಂದ ಕಡಲಿನವರೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುವುದು.

ಈಗ ಕಾಡಿಗೆ ಬರೋಣ. ಕಾಳಿಯ ಕಣಿವೆಯಲ್ಲಿ ೧೯೫೬ರಲ್ಲಿ ದಾಂಡೇಲಿಯ ಅಭಯಾರಣ್ಯವೂ ೧೯೮೭ರಲ್ಲಿ ಅಣಶಿಯ ರಾಷ್ಟ್ರೀಯ ಉದ್ಯಾನವೂ ಏರ್ಪಟ್ಟವು. ಎರಡನ್ನೂ ಕೂಡಿಸಿ ೨೦೦೭ರಲ್ಲಿ ಹುಲಿಗಳ ರಕ್ಷಿತಾರಣ್ಯವನ್ನಾಗಿ ಮಾಡಿದರು. ೨೦೧೫ರಿಂದ ಅದಕ್ಕೆ ಕಾಳಿ ಹುಲಿ ರಕ್ಷಿತಾರಣ್ಯವೆಂದು ನದಿಯ ಹೆಸರನ್ನೇ ಇಟ್ಟಿದ್ದಾರೆ. ಹುಲಿಯುಂಟು, ಕರಿಚಿರತೆಯುಂಟು, ಕರಡಿ, ಕಾಟಿ, ಕಡವೆಗಳುಂಟು. ಆದರೆ ಇದು ಬಂಡೀಪುರದಂತಹ ತೆರಪಾದ ಕಾಡಲ್ಲ. ಹತ್ತು ಮಾರು ದೂರದಲ್ಲಿ ಆನೆಯೇ ನಿಂತಿದ್ದರೂ ಎಲೆಗಳ ಮರೆಯಲ್ಲಿ ಕಾಣದಷ್ಟು ದಟ್ಟವಾದುದು. ಹುಲಿಯನ್ನು ತೋರಿಸುವೆವೆಂದು ಯಾರಾದರೂ ಭರವಸೆ ಕೊಟ್ಟರೆ ಅವರ ಮಾತನ್ನು ನಂಬಬೇಡಿರಿ. ಹುಲಿಯನ್ನೇ ಹುಡುಕುತ್ತ ಜೀಪಿನಲ್ಲಿ ಕುಳಿತವನಿಗೆ ತಲೆಯ ಮೇಲೆ ಹಾರಿದ ಹಕ್ಕಿ ಕಾಣುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಆ ಕಾಡಿನ ನಿಜವಾದ ಒಡೆಯನು ಆ ಹಕ್ಕಿಯೇ.

ಅದೇ ಮಂಗಟ್ಟೆ. ನಾಲ್ಕು ಜಾತಿಯ ಮಂಗಟ್ಟೆಗಳು ದಾಂಡೇಲಿಯ ಸುತ್ತಮುತ್ತ ಕಾಣಸಿಗುವುವು. ಅವುಗಳಲ್ಲಿ ದೊಡ್ಡದು ಹಾರುವಾಗ ರೆಕ್ಕೆಗಳ ಸದ್ದು ಉಗಿಬಂಡಿಯ ಉಸಿರಿನಂತೆ ದೂರಕ್ಕೆ ಕೇಳಿಸುವುದು. ಇದರ ಸಂಸಾರದ ಕ್ರಮ ವಿಚಿತ್ರವಾದುದು. ಹೆಣ್ಣು ಹಕ್ಕಿಯು ಹಳೆಯ ಮರವೊಂದರ ಪೊಟರೆಯೊಳಗೆ ಹೊಕ್ಕು, ತನ್ನ ಹಿಕ್ಕೆ ಮೊದಲಾದುವುಗಳಿಂದಲೇ ಬಾಯನ್ನು ಮೆತ್ತಿ ಮುಚ್ಚಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುವುದು. ಆ ಸೆರೆಯಲ್ಲಿ ಅದು ಮೊಟ್ಟೆಯಿಟ್ಟು, ಕಾವು ಕೊಟ್ಟು, ತಿಂಗಳುಗಟ್ಟಲೆ ಇರುವುದು. ಗಂಡು ಹಕ್ಕಿಯು ಆಲ, ಅತ್ತಿ, ಬಸರಿ ಮರಗಳ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು ಒಂದೊಂದಾಗಿ ಆ ಸೀಳಿನಲ್ಲಿ ಉಣಿಸುವುದು. ಗಂಡನ್ನು ಯಾರಾದರೂ ಹೊಡೆದರೆ ಒಳಗಿನ ತಾಯಿಮಕ್ಕಳೂ ಉಪವಾಸ ಬೀಳುವ ಭಯವಿದೆ. ಪೊಟರೆಯಿರುವಷ್ಟು ದಪ್ಪನಾದ ಮರ ಬೇಕಾದರೆ ಅದು ಬಹುಕಾಲ ಬೆಳೆದಿರಬೇಕು. ನೆಟ್ಟ ನೆಡುತೋಪಿನಲ್ಲಿ, ಸಾಗವಾನಿಯ ಸಾಲಿನಲ್ಲಿ, ಅಂತಹ ಪೊಟರೆ ಸಿಗುವುದಿಲ್ಲ. ಇತ್ತ ಹಕ್ಕಿಯು ತಿಂದ ಹಣ್ಣಿನ ಬೀಜಗಳನ್ನು ಮೈಲಿಗಳಾಚೆ ಉಗುಳಿ ಕಾಡನ್ನು ಬಿತ್ತುವುದು. ಮರವಿಲ್ಲದೆ ಹಕ್ಕಿಯಿಲ್ಲ, ಹಕ್ಕಿಯಿಲ್ಲದೆ ಮುಂದಿನ ಮರವಿಲ್ಲ. ೨೦೧೧ರಲ್ಲಿ ಸರಕಾರವು ದಾಂಡೇಲಿಯ ಬಳಿ ಮಂಗಟ್ಟೆಗಳಿಗಾಗಿಯೇ ಒಂದು ಸಂರಕ್ಷಿತ ಪ್ರದೇಶವನ್ನು ಘೋಷಿಸಿತು.

ದಕ್ಷಿಣಕ್ಕೆ ಅಘನಾಶಿನಿಯ ಕಣಿವೆಯಲ್ಲಿ ಸಿಂಹದ ಬಾಲದಂತಹ ಬಾಲವುಳ್ಳ ಸಿಂಗಳೀಕವಿದೆ. ಜಗತ್ತಿನಲ್ಲಿ ಸಹ್ಯಾದ್ರಿಯ ಹೊರತು ಬೇರೆಲ್ಲಿಯೂ ಇದು ಇಲ್ಲ; ಸಹ್ಯಾದ್ರಿಯಲ್ಲಿಯೂ ಇದರ ಉತ್ತರದ ಗಡಿ ಈ ಜಿಲ್ಲೆಯೇ. ಮರದಿಂದ ಮರಕ್ಕೆ ನೆಗೆಯುತ್ತ ಮೇಲೆಯೇ ಬಾಳುವ ಪ್ರಾಣಿಯಾದುದರಿಂದ ಮರಗಳ ನೆತ್ತಿಗಳು ಒಂದಕ್ಕೊಂದು ತಾಗಿರಬೇಕು. ನಡುವೆ ಒಂದು ಅಗಲವಾದ ರಸ್ತೆ ಬಂದರೆ ಅದಕ್ಕೆ ಕಾಡು ಎರಡು ತುಂಡಾದಂತೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನು ಎಂಬಲ್ಲಿ, ಹೆಸರಿಗೆ ತಕ್ಕಂತೆ ಹಗಲಲ್ಲಿಯೂ ಮಬ್ಬು. ಅಲ್ಲಿ ರಾಮಪತ್ರೆಯ ಜಾತಿಯ ಮರಗಳು ಬೇರನ್ನು ಮೊಣಕಾಲಿನಂತೆ ಮೇಲಕ್ಕೆ ಮಡಿಸಿಕೊಂಡು ಜೌಗಿನಲ್ಲಿ ನಿಂತಿವೆ. ಅಂತಹ ಜೌಗನ್ನು ಅಲ್ಲಿಯವರು ಜಡ್ಡಿಯೆನ್ನುತ್ತಾರೆ. ಮಳೆಗಾಲದ ನೀರನ್ನು ಈ ಜಡ್ಡಿಗಳೂ ಕಾನುಗಳೂ ಹೀರಿಟ್ಟುಕೊಂಡು ಬೇಸಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಳ್ಳಕ್ಕೆ ಬಿಡುವುವು. ಹೊಳೆಯು ಚೈತ್ರದಲ್ಲಿಯೂ ಬತ್ತದೆ ಹರಿಯುವುದು ಇದರಿಂದಲೇ. ಕಾಡಿನಲ್ಲಿ ನಡೆಯುವಾಗ ಮಾತು ಬೇಡ, ಕೆಂಪು ಹಳದಿ ಬಟ್ಟೆ ಬೇಡ, ಮಂಗಗಳಿಗೆ ಬಿಸ್ಕೀಟು ಬೇಡ. ಕಾಡಿನ ಕಾವಲುಗಾರನ ಹಿಂದೆ ನಡೆಯಿರಿ. ಜಿಗಣೆ ಹತ್ತಿದರೆ ಕಿರಿಚಬಾರದು, ಉಪ್ಪು ಮುಟ್ಟಿಸಿದರೆ ತಾನೇ ಬೀಳುವುದು.

ಘಟ್ಟವಿಳಿದ ಅಘನಾಶಿನಿಯು ಕುಮಟೆಯ ಬಳಿ ಅಗಲವಾಗಿ, ಮಂದವಾಗಿ ಹರಿದು, ತದಡಿಯಲ್ಲಿ ಕಡಲನ್ನು ಕೂಡುವುದು. ಸೇರುವ ಮೊದಲಿನ ಈ ವಿಶಾಲವಾದ ನೀರಿಗೆ ಅಳಿವೆ ಎಂದು ಹೆಸರು. ಪ್ರವಾಸಿಗಳು ಇದನ್ನು ಸೇತುವೆಯ ಮೇಲಿನಿಂದ ಅರೆನಿಮಿಷ ನೋಡಿ ಗೋಕರ್ಣಕ್ಕೆ ಧಾವಿಸುವರು. ನಾನಾದರೋ ಇಡೀ ಜಿಲ್ಲೆಯಲ್ಲಿ ಒಂದೇ ಸ್ಥಳವನ್ನು ನೋಡಲು ಸಮಯವಿದೆಯೆಂದರೆ ಈ ಅಳಿವೆಯನ್ನೇ ನೋಡಿರಿ ಎನ್ನುವೆನು.

ಇಲ್ಲಿ ದಿನಕ್ಕೆ ಎರಡು ಸಲ ಕಡಲು ನದಿಯೊಳಕ್ಕೆ ಬರುವುದು, ಎರಡು ಸಲ ಹಿಂದೆ ಸರಿಯುವುದು. ಭರತ ಇಳಿತಗಳ ಹೊತ್ತು ಪ್ರತಿದಿನ ಸುಮಾರು ೫೦ ನಿಮಿಷ ಮುಂದಕ್ಕೆ ಹೋಗುವುದು. ಚಂದ್ರನನ್ನು ಅನುಸರಿಸುವ ಗಡಿಯಾರವದು. ಘಟ್ಟದಿಂದ ಬಂದ ಸಿಹಿನೀರು ಎಲೆಗೊಬ್ಬರವನ್ನೂ ಮೆಕ್ಕಲನ್ನೂ ತರುವುದು, ಕಡಲಿನಿಂದ ಬಂದ ನೀರು ಉಪ್ಪನ್ನೂ ಮೀನಿನ ಮರಿಗಳನ್ನೂ ತರುವುದು. ದಂಡೆಗಳಲ್ಲಿ ಕಾಂಡ್ಲಾ ಗಿಡಗಳ ಕಾಡು ಉಪ್ಪುನೀರಿನಲ್ಲಿಯೇ ಬೇರೂರಿ ನಿಂತಿದೆ. ಆ ಬೇರುಗಳ ಸಂದಿಯಲ್ಲಿ ಶೆಟ್ಲಿಯ, ಏಡಿಯ, ಮೀನಿನ ಮರಿಗಳು ದೊಡ್ಡ ಮೀನುಗಳ ಬಾಯಿಗೆ ಸಿಗದೆ ಬೆಳೆಯುವುವು. ಕಡಲಿನ ಬಲೆಗೆ ಬೀಳುವ ಎಷ್ಟೋ ಮೀನುಗಳ ಬಾಲ್ಯವು ಈ ಕೆಸರಿನಲ್ಲಿಯೇ ಕಳೆದಿರುತ್ತದೆ. ಮುಂಬಯಿಯ ಮಕ್ಕಳಿಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಶಿವಡಿಯ ಕೆಸರಿನಲ್ಲಿ ರಾಜಹಂಸಗಳು ಸಾವಿರಗಟ್ಟಲೆ ಬಂದು ಇಳಿಯುವುದನ್ನು ನಿಮ್ಮಲ್ಲಿ ಕೆಲವರು ಕಂಡಿದ್ದೀರಿ. ಅದೂ ಇಂತಹದೇ ಸ್ಥಳ. ೧೯೭೧ರಲ್ಲಿ ಇರಾನದ ರಾಮಸರ ಎಂಬ ಊರಿನಲ್ಲಿ ಆದ ಒಪ್ಪಂದದ ಪ್ರಕಾರ ಜಗತ್ತಿನ ಮುಖ್ಯವಾದ ಜೌಗುನೆಲಗಳ ಪಟ್ಟಿಯೊಂದಿದೆ. ನಮ್ಮ ಠಾಣೆಯ ಖಾಡಿಯು ೨೦೨೨ರಲ್ಲಿ ಆ ಪಟ್ಟಿಯನ್ನು ಸೇರಿತು, ಅಘನಾಶಿನಿಯ ಅಳಿವೆಯು ೨೦೨೪ರಲ್ಲಿ ಸೇರಿತು.

ಇಳಿತದ ಹೊತ್ತಿನಲ್ಲಿ ದಂಡೆಗೆ ಹೋದರೆ ಹೆಂಗಸರು ಗಂಡಸರು ಸೊಂಟದ ನೀರಿನಲ್ಲಿ ನಿಂತು ಕಾಲಿನಿಂದಲೂ ಕೈಯಿಂದಲೂ ಮರಳನ್ನು ತಡವಿ ಬಳಚು ಎಂಬ ಚಿಪ್ಪುಜೀವಿಯನ್ನು ಆಯುತ್ತಿರುವುದು ಕಾಣುವುದು. ದೋಣಿಯಿಲ್ಲದ, ಬಲೆಯಿಲ್ಲದ ಬಡವನಿಗೂ ಅಳಿವೆಯು ಹೀಗೆ ಒಂದು ಹೊತ್ತಿನ ಪದಾರ್ಥವನ್ನೂ ಕೈಗೆ ಒಂದಿಷ್ಟು ದುಡ್ಡನ್ನೂ ಕೊಡುವುದು. ಬಂಡೆಗೆ ಅಂಟಿಕೊಂಡ ಕಲ್ಗವನ್ನು ಸುತ್ತಿಗೆಯಿಂದ ಬಿಡಿಸುವರು. ಬಳಚು ನೀರನ್ನು ಒಳಗೆಳೆದು, ಅದರಲ್ಲಿಯ ಸೂಕ್ಷ್ಮ ಕಣಗಳನ್ನು ತಿಂದು, ತಿಳಿಯಾದ ನೀರನ್ನು ಹೊರಗೆ ಬಿಡುವ ಪ್ರಾಣಿ. ಅಂದರೆ ಅದು ಆಹಾರವೂ ಹೌದು, ಹೊಳೆಯ ಝಾಡಮಾಲಿಯೂ ಹೌದು. ಖಾಲಿ ಚಿಪ್ಪನ್ನು ಸುಟ್ಟರೆ ಸುಣ್ಣ.

ಇನ್ನೊಂದು ಅದ್ಭುತವೆಂದರೆ ಗಜನಿ ಭೂಮಿಯ ಬತ್ತ. ಅಳಿವೆಯ ಅಂಚಿನ ತಗ್ಗುನೆಲಕ್ಕೆ ಗಜನಿಯೆಂದು ಹೆಸರು. ಕಟ್ಟೆ ಹಾಕಿ, ಅಲ್ಲಲ್ಲಿ ಹಲಗೆಯ ಬಾಗಿಲುಗಳನ್ನಿಟ್ಟು, ಉಪ್ಪುನೀರಿನ ಹೋಗುಬರುವಿಕೆಯನ್ನು ರೈತರು ಹಿಡಿತದಲ್ಲಿಡುವರು. ಮಳೆಯು ಮಣ್ಣಿನ ಉಪ್ಪನ್ನು ತೊಳೆಯುತ್ತಿದ್ದಂತೆ ಅಲ್ಲಿ ಕಗ್ಗ ಎಂಬ ತಳಿಯನ್ನು ಬಿತ್ತುವರು. ಬತ್ತಕ್ಕೂ ಉಪ್ಪಿಗೂ ವೈರವೆಂದು ವಿಜ್ಞಾನದ ಪುಸ್ತಕ ಹೇಳುತ್ತದೆ. ಕಗ್ಗವು ಉಪ್ಪನ್ನೂ ಸಹಿಸುವುದು, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ತಲೆಯೆತ್ತುವುದು. ಗೊಬ್ಬರ ಬೇಡ. ಕೊಯ್ಲಿನಲ್ಲಿ ತೆನೆಯನ್ನು ಮಾತ್ರ ಕತ್ತರಿಸಿ ಹುಲ್ಲನ್ನು ಗದ್ದೆಯಲ್ಲೇ ಬಿಡುವರು. ಅದು ಕೊಳೆತು ಮೀನು ಶೆಟ್ಲಿಗಳಿಗೆ ಆಹಾರವಾಗುವುದು. ಆಮೇಲೆ ಬಾಗಿಲು ತೆರೆದರೆ ಅದೇ ಗದ್ದೆಯು ಮೀನಿನ ಕೆರೆ. ಜೋಳದ ಹೊಲಗಳ ನಡುವೆ ಬೆಳೆದ ನನಗೆ ಒಂದೇ ಹೊಲದಲ್ಲಿ ಆರು ತಿಂಗಳು ಬತ್ತ, ಆರು ತಿಂಗಳು ಮೀನು ಎಂಬ ಮಾತು ಮೊದಮೊದಲು ಕಟ್ಟುಕಥೆಯೆಂದೇ ತೋರಿತ್ತು. ಇಂದು ಕಗ್ಗ ಬೆಳೆಯುವವರು ಕಡಿಮೆಯಾಗಿದ್ದಾರೆ. ಕಟ್ಟೆಯನ್ನು ವರ್ಷವರ್ಷ ಎಲ್ಲರೂ ಕೂಡಿ ದುರಸ್ತಿ ಮಾಡಬೇಕು. ಹಳ್ಳಿಯ ತರುಣರು ಗೋವೆಗೂ ಮುಂಬಯಿಗೂ ಹೊರಟುಹೋದರೆ ಕಟ್ಟೆ ಹಾಕುವ ಕೈ ಎಲ್ಲಿಂದ ಬರಬೇಕು? ಈ ಪ್ರಶ್ನೆಯು ನಮ್ಮ ಮನೆಗಳಿಗೂ ಸಂಬಂಧಿಸಿದ್ದು.

ಈಗ ಮೊದಲು ಹೇಳಿದ ವ್ಯತ್ಯಾಸಕ್ಕೆ ಬರೋಣ. ಅಘನಾಶಿನಿಯಿಂದ ಸ್ವಲ್ಪವೇ ದಕ್ಷಿಣಕ್ಕೆ, ಹೊನ್ನಾವರದಲ್ಲಿ, ಶರಾವತಿಯ ಅಳಿವೆಯಿದೆ. ಅದೂ ವಿಶಾಲವಾದುದು, ಸುಂದರವಾದುದು. ಕೊಂಕಣ ರೈಲಿನ ಅತಿ ಉದ್ದವಾದ ಸೇತುವೆ, ಎರಡು ಕಿಲೋಮೀಟರಿಗೂ ಮಿಕ್ಕಿದ್ದು, ಅದರ ಮೇಲೆಯೇ ಹೋಗಿದೆ. ಆದರೆ ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸಿದ ಸಿಹಿನೀರು ಆ ನದಿಯಲ್ಲಿ ಬೇಸಗೆಯಲ್ಲಿಯೂ ಎಡೆಬಿಡದೆ ಇಳಿಯುತ್ತಿರುತ್ತದೆ. ಇದರಿಂದ ಅಳಿವೆಯ ನೀರಿನಲ್ಲಿ ಉಪ್ಪಿನಂಶವು ಕುಗ್ಗಿತು. ಉಪ್ಪು ಕುಗ್ಗಿದಲ್ಲಿ ಬಳಚು ಮೊದಲಾದ ಚಿಪ್ಪುಜೀವಿಗಳು ಬಾಳಲಾರದೆ ಬಹಳವಾಗಿ ಕ್ಷೀಣಿಸಿದವು. ಮೀನಿನ ಜಾತಿಗಳೂ ಕಡಿಮೆಯಾದವು. ನೀರು ಕೆಟ್ಟಿಲ್ಲ, ವಿಷ ಬೆರೆತಿಲ್ಲ. ಸಿಹಿನೀರು ಬರಬಾರದ ಕಾಲದಲ್ಲಿ ಬಂದದ್ದೇ ಸಾಕಾಯಿತು. ಅಣೆಕಟ್ಟೇ ಬೇಡವಾಗಿತ್ತೆಂದು ನಾನು ಹೇಳುವುದಿಲ್ಲ. ಶರಾವತಿಯ ವಿದ್ಯುತ್ತಿನಿಂದ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮಕ್ಕಳು ದೀಪದ ಬೆಳಕಿನಲ್ಲಿ ಓದಿದರು. ಆದರೆ ಆ ಬೆಳಕಿನ ಬೆಲೆಯಲ್ಲಿ ಹೊನ್ನಾವರದ ಬಳಚಿನ ಬುಟ್ಟಿಯೂ ಸೇರಿದೆಯೆಂಬುದನ್ನು ಯಾವ ಲೆಕ್ಕದ ಪುಸ್ತಕವೂ ಬರೆದುಕೊಂಡಿರಲಿಲ್ಲ. ಎರಡು ಅಳಿವೆಗಳನ್ನೂ ಒಂದೇ ದಿನದಲ್ಲಿ ನೋಡಬಹುದು, ನೋಡತಕ್ಕದ್ದು. ಈ ಶತಮಾನದ ಮೊದಲ ದಶಕದಲ್ಲಿ ತದಡಿಯಲ್ಲಿ ಕಲ್ಲಿದ್ದಲಿನ ದೊಡ್ಡ ವಿದ್ಯುತ್‌ಸ್ಥಾವರವನ್ನು ಕಟ್ಟುವ ಆಲೋಚನೆ ಬಂದಾಗ ಅಲ್ಲಿಯ ಮೀನುಗಾರರೂ ರೈತರೂ ಕೂಡಿ ವಿರೋಧಿಸಿದರು. ಆ ಯೋಜನೆಯು ನಿಂತಿತು. ನೆರೆಯ ನದಿಯ ಪಾಠವನ್ನು ಅವರು ಪುಸ್ತಕವಿಲ್ಲದೆ ಕಲಿತಿದ್ದರು.

ಕಡಲದಂಡೆಗಳ ವರ್ಣನೆಯನ್ನು ನಾನು ಬೆಳೆಸುವುದಿಲ್ಲ, ಅವುಗಳನ್ನು ಹೊಗಳುವವರು ಬೇಕಾದಷ್ಟು ಜನರಿದ್ದಾರೆ. ಕಾರವಾರದ ದಂಡೆಗೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ, ೧೮೮೩ರಲ್ಲಿ, ಇಪ್ಪತ್ತೆರಡರ ತರುಣ ಕವಿಯು ಅಲ್ಲಿಗೆ ಬಂದು ‘ಪ್ರಕೃತಿರ ಪ್ರತಿಶೋಧ’ ಎಂಬ ನಾಟಕವನ್ನು ಬರೆದರು. ಕಾರವಾರದ ದಕ್ಷಿಣಕ್ಕಿರುವ ಕೆಲವು ಚೆಲುವಾದ ದಂಡೆಗಳು ಈಗ ನೌಕಾಪಡೆಯ ನೆಲೆಯೊಳಗಿದ್ದು ನಮಗೆ ತೆರೆದಿಲ್ಲ. ಆ ನೆಲೆಗಾಗಿ ಅನೇಕ ಕುಟುಂಬಗಳು ತಮ್ಮ ಮನೆಗದ್ದೆಗಳನ್ನು ಬಿಟ್ಟುಕೊಟ್ಟವು. ಗೋಕರ್ಣದಲ್ಲಿ ಕುಡ್ಲೆಯೂ, ಓಂಕಾರದ ಆಕಾರದ ಓಂ ದಂಡೆಯೂ ಪ್ರಸಿದ್ಧ. ಹೊನ್ನಾವರದ ಕಾಸರಕೋಡು ದಂಡೆಗೆ ೨೦೨೦ರಲ್ಲಿ ಸ್ವಚ್ಛತೆಗಾಗಿ ಕೊಡುವ ಅಂತರರಾಷ್ಟ್ರೀಯ ನೀಲಿಧ್ವಜವು ದೊರೆಯಿತು. ಮುಂಜಾನೆ ದಂಡೆಯಲ್ಲಿ ನಿಂತು ನೋಡಿದರೆ ದೂರದಲ್ಲಿ ಹಂದಿಮೀನುಗಳು ಬೆನ್ನು ತೋರಿಸಿ ಮುಳುಗುವುದು ಕಾಣಬಹುದು. ಹೆಸರು ಹಾಗಿದ್ದರೂ ಅದು ಮೀನಲ್ಲ, ಹಾಲೂಡುವ ಪ್ರಾಣಿ. ಡಾಲ್ಫಿನ್ ಎಂದು ನೀವು ಓದಿದ್ದು ಅದನ್ನೇ.

ಚಳಿಗಾಲದ ರಾತ್ರಿಗಳಲ್ಲಿ ಈ ದಂಡೆಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುವುವು. ಆಲಿವ್ ರಿಡ್ಲೆ ಎಂಬುದು ಇವುಗಳ ಜಾತಿ. ಮರಳಲ್ಲಿ ಗುಳಿ ತೋಡಿ ನೂರರಷ್ಟು ಮೊಟ್ಟೆಗಳನ್ನಿಟ್ಟು, ಮುಚ್ಚಿ, ತಾಯಿ ಹಿಂದಿರುಗುವುದು. ಮತ್ತೆ ಬಂದು ನೋಡುವ ಪದ್ಧತಿಯಿಲ್ಲ. ಸುಮಾರು ೪೫ರಿಂದ ೬೦ ದಿನಗಳಲ್ಲಿ ಮರಿಗಳು ಹೊರಬಿದ್ದು ಬೆಳಕಿರುವ ಕಡೆಗೆ ಹರಿದಾಡುವುವು. ಹಿಂದಿನ ಕಾಲದಲ್ಲಿ ರಾತ್ರಿಯ ದಂಡೆಯಲ್ಲಿ ಬೆಳಕೆಂದರೆ ಕಡಲಿನ ಮೇಲಿನ ಬಾನಿನ ಹೊಳಪೇ. ಈಗ ವಸತಿಗೃಹಗಳ ವಿದ್ಯುದ್ದೀಪಗಳಿವೆ. ಮರಿಗಳು ದಾರಿತಪ್ಪಿ ರಸ್ತೆಯ ಕಡೆಗೆ ಹೋಗಿ ಸಾಯುವುವು. ರಾತ್ರಿ ದಂಡೆಯಲ್ಲಿ ನಡೆಯುವಾಗ ಕೈದೀಪವನ್ನು ಹಚ್ಚಬೇಡಿರಿ.

ಇಲ್ಲಿ ಒಂದು ಮಾತನ್ನು ಎಲ್ಲರೂ ಗಮನವಿಟ್ಟು ಓದಬೇಕು. ೨೦೨೪ರ ಡಿಸೆಂಬರ ೧೦ರಂದು ಮುರುಡೇಶ್ವರದಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ಅವರು ನಿಮ್ಮದೇ ವಯಸ್ಸಿನವರು. ಮರುದಿನ ವೃತ್ತಪತ್ರವನ್ನು ಓದಿದ ಯಾವ ಶಿಕ್ಷಕನೂ ಅದನ್ನು ಮರೆತಿರಲಾರನು. ಕಡಲು ಮಗುವನ್ನು ಹೇಗೆ ಒಯ್ಯುವುದೆಂಬುದನ್ನು ತಿಳಿದಿರಬೇಕು. ಅಲೆಗಳು ದಂಡೆಗೆ ತಂದು ಸುರಿದ ನೀರು ಹಿಂದಿರುಗಲೇಬೇಕಷ್ಟೆ. ಅದು ಎಲ್ಲ ಕಡೆಯಿಂದಲೂ ಸಮವಾಗಿ ಹಿಂದಿರುಗದೆ, ಮರಳಿನ ದಿಬ್ಬಗಳ ನಡುವಿನ ತಗ್ಗಿನಲ್ಲಿ ಒಟ್ಟಾಗಿ, ಹೊಳೆಯಂತೆ ರಭಸದಿಂದ ಒಳಗಡಲಿಗೆ ಹೋಗುವುದು. ಅದೇ ಸೆಳೆತ. ಮೋಸದ ಸಂಗತಿಯೆಂದರೆ, ಸೆಳೆತವಿರುವಲ್ಲಿ ಅಲೆಗಳು ಒಡೆಯುವುದು ಕಡಿಮೆ. ನೀರು ಶಾಂತವಾಗಿ, ತುಸು ಕಪ್ಪಾಗಿ ತೋರುವುದು. ಅಲೆಗೆ ಅಂಜಿದ ಮಗುವು ಇಲ್ಲಿ ಭಯವಿಲ್ಲವೆಂದು ಅಲ್ಲಿಯೇ ಇಳಿಯುವುದು. ಸಿಕ್ಕಿಬಿದ್ದವನು ದಂಡೆಯ ಕಡೆಗೆ ನೇರವಾಗಿ ಈಜಿದರೆ ದಣಿದು ಮುಳುಗುವನು. ಸೆಳೆತವು ಅಗಲವಲ್ಲ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಅದರಿಂದ ಹೊರಬಿದ್ದ ಮೇಲೆ ದಂಡೆಯತ್ತ ತಿರುಗಬೇಕು, ಈಜಲಾಗದಿದ್ದರೆ ತೇಲುತ್ತ ಕೈಯೆತ್ತಿ ಕೂಗಬೇಕು. ಮುಳುಗುವವನನ್ನು ಹಿಡಿಯಲು ನೀರಿಗೆ ಹಾರಬಾರದು. ಹಗ್ಗ, ಖಾಲಿ ಡಬ್ಬಿ, ತೇಲುವ ಏನನ್ನಾದರೂ ಎಸೆಯಿರಿ. ಇದಿಷ್ಟೂ ದೊಡ್ಡವರಿಗೆ. ಮಕ್ಕಳು ಪಾದ ನೆನೆಯುವಷ್ಟಕ್ಕಿಂತ ಮುಂದೆ ಹೋಗಲಾಗದು. ಅಲ್ಲಿಯ ಮೀನುಗಾರನೊಬ್ಬನು “ಇಲ್ಲಿ ಇಳಿಯಬೇಡಿ” ಎಂದರೆ ಆತನ ಮಾತೇ ಕಾನೂನು.

ಇನ್ನು ಊಟ. ಕರಾವಳಿಯಲ್ಲಿ ಕುಚ್ಚಿಗೆ ಅಕ್ಕಿಯ ಗಂಜಿ ಅಥವಾ ಅನ್ನ, ತೆಂಗಿನಕಾಯಿ ಅರೆದ ಮೀನಿನ ಸಾರು. ಬಂಗಡೆಯ ಸಾರಿಗೆ ಜುಮ್ಮನಕಾಯಿಯನ್ನು ಹಾಕುವರು. ಅದು ಘಟ್ಟದ ಕಾಡುಮರದ ಕಾಯಿ. ಇಲ್ಲಿಯ ಅಂಗಡಿಗಳಲ್ಲಿ ತಿರಫಳವೆಂದು ಸಿಗುವುದು. ನಾಲಿಗೆಯ ಮೇಲಿಟ್ಟರೆ ಜುಮ್ಮೆನ್ನುವುದು, ಹೆಸರು ಬಂದದ್ದೂ ಹಾಗೆಯೇ ಇರಬೇಕು. ಹುಳಿಗೆ ಮುರುಗಲ, ಅದೂ ಕಾಡಿನದೇ. ಅಂದಮೇಲೆ ಒಂದು ಬೋಗುಣಿ ಬಂಗಡೆಯ ಸಾರಿನಲ್ಲಿ ಕಡಲಿನ ಮೀನು, ಅಳಿವೆಯ ಬದಿಯ ಸಾಣಿಕಟ್ಟೆಯ ಉಪ್ಪು, ದಂಡೆಯ ತೆಂಗು, ಘಟ್ಟದ ಹುಳಿ ಎಲ್ಲವೂ ಕೂಡಿದವು. ಆ ಉಪ್ಪನ್ನು ತಿನ್ನುವಾಗ ೧೯೩೦ರಲ್ಲಿ ಅಂಕೋಲೆಯ ಜನರು ಉಪ್ಪಿನ ಕಾಯದೆಯನ್ನು ಮುರಿದದ್ದನ್ನೂ ನೆನೆಯಿರಿ.

ಘಟ್ಟದ ಮೇಲೆ, ಶಿರಸಿ ಸಿದ್ದಾಪುರಗಳ ಅಡಿಕೆ ತೋಟದ ಮನೆಗಳಲ್ಲಿ, ಅಡಿಗೆಯೇ ಬೇರೆ. ಊಟದ ಮೊದಲಿಗೆ ತಂಬುಳಿ, ಕೊನೆಗೆ ಕುಡಿಯಲು ಅಪ್ಪೆಹುಳಿ. ಹೊಳೆಯಂಚಿನ ಕಾಡುಮಾವಿನ ಮರಗಳಿಂದ ಕೊಯ್ದ ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಭರಣಿಯಲ್ಲಿ ವರ್ಷಗಟ್ಟಲೆ ಇಡುವರು. ಆಲೆಮನೆಯ ಕಾಲದಲ್ಲಿ ಮಡಕೆಯನ್ನು ಬೋರಲಾಗಿ ಒಲೆಯ ಮೇಲಿಟ್ಟು, ಅಕ್ಕಿಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ಕಲಸಿ, ಅದರ ಮೈಗೆ ಬಟ್ಟೆಯಿಂದ ತೊಡೆದು ತೆಗೆಯುವ ತೊಡೆದೇವು ಕಾಗದಕ್ಕಿಂತ ತೆಳು. ಇದನ್ನು ಮುಂಬಯಿಗೆ ಕಟ್ಟಿ ತಂದವರು ಪುಡಿಯನ್ನೇ ತಿನ್ನಬೇಕಾಗುವುದು. ಭಟ್ಕಳದಲ್ಲಿ ನವಾಯತರ ಬಿರಿಯಾನಿಯಿದೆ. ಅನ್ನದ ಬದಲು ಶಾವಿಗೆಯಿಂದಲೂ ಅದನ್ನು ಮಾಡುತ್ತಾರೆ. ಕಡಲಿನಾಚೆಯ ಅರಬರೊಡನೆ ನಡೆದ ಹಳೆಯ ವ್ಯಾಪಾರದ ನೆನಪು ಆ ಪಾತ್ರೆಯಲ್ಲಿ ಇನ್ನೂ ಬಿಸಿಯಾಗಿದೆ. ಮೇ ತಿಂಗಳಲ್ಲಿ ಹೋದವರು ಅಂಕೋಲೆಯ ಕರಿ ಇಶಾಡು ಮಾವನ್ನು ತಿನ್ನದೆ ಬರಬಾರದು. ೨೦೨೩ರಲ್ಲಿ ಅದಕ್ಕ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ರತ್ನಾಗಿರಿಯ ಹಾಪೂಸಿನೊಡನೆ ಹೋಲಿಸಿ ಜಗಳವಾಡುವುದು ಬೇಡ.

ಅಂಕೋಲೆ, ಗೋಕರ್ಣಗಳ ಸಂತೆಯಲ್ಲಿ ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಒಕ್ಕಲಿಗ ಸಮಾಜದ ಹೆಂಗಸರು ತಾವೇ ಬೆಳೆದ ಬದನೆ, ಬಸಳೆ, ಹರಿವೆಗಳನ್ನು ಮಾರಲು ಕುಳಿತಿರುತ್ತಾರೆ. ಅವರ ಭಾವಚಿತ್ರ ತೆಗೆಯಲು ಮುನ್ನುಗ್ಗುವ ಪ್ರವಾಸಿಗಳನ್ನು ಕಂಡರೆ ನನಗೆ ಸಂಕೋಚವಾಗುವುದು. ಅವರು ನೋಟದ ವಸ್ತುಗಳಲ್ಲ. ಸೊಪ್ಪು ಕೊಳ್ಳಿರಿ, ಮಾತನಾಡಿಸಿರಿ. ಆ ಸಮಾಜದ ಸುಕ್ರಿ ಬೊಮ್ಮಗೌಡರು ತಮ್ಮ ಜನರ ನೂರಾರು ಹಾಡುಗಳನ್ನು ಬಾಯಲ್ಲಿಯೇ ಉಳಿಸಿದ್ದಕ್ಕಾಗಿ ೨೦೧೭ರಲ್ಲಿ ಪದ್ಮಶ್ರೀಯನ್ನು ಪಡೆದರು. ಅರಣ್ಯ ಇಲಾಖೆಯ ಸಸಿತೋಟದಲ್ಲಿ ಕೂಲಿಯಾಗಿ ಸೇರಿ, ಶಾಲೆಯ ಮೆಟ್ಟಿಲು ಹತ್ತದೆಯೂ, ಯಾವ ಮರದ ಬೀಜವನ್ನು ಎಂದು ಆಯಬೇಕು, ಹೇಗೆ ಮೊಳೆಸಬೇಕು ಎಂಬುದನ್ನೆಲ್ಲ ಬಲ್ಲವರಾಗಿದ್ದ ತುಳಸಿ ಗೌಡರಿಗೂ ಅದೇ ಗೌರವವು ೨೦೨೧ರಲ್ಲಿ ಸಂದಿತು. ತುಳಸಿಯವರು ೨೦೨೪ರ ಡಿಸೆಂಬರದಲ್ಲಿ, ಸುಕ್ರಿಯವರು ೨೦೨೫ರ ಫೆಬ್ರುವರಿಯಲ್ಲಿ ತೀರಿಕೊಂಡರು. ಎರಡೇ ತಿಂಗಳಲ್ಲಿ ಒಂದು ಜಿಲ್ಲೆಯು ಎರಡು ಗ್ರಂಥಭಂಡಾರಗಳನ್ನು ಕಳೆದುಕೊಂಡಿತು.

ಹೋಗುವುದಕ್ಕೆ ನವೆಂಬರದಿಂದ ಫೆಬ್ರುವರಿಯವರೆಗಿನ ಕಾಲವು ಯೋಗ್ಯವಾದುದು. ಮಳೆಗಾಲದಲ್ಲಿ ಜಲಪಾತಗಳು ತುಂಬಿರುವುವು ನಿಜ, ಆದರೆ ದಾರಿಗಳು ಅಪಾಯಕರ. ೨೦೨೪ರ ಜುಲೈ ೧೬ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಯವರೆಗೆ ಜಾರಿತು. ಚಹದ ಅಂಗಡಿಯವರೂ ಲಾರಿಯವರೂ ಮಣ್ಣುಪಾಲಾದರು. ಮರುತಿಂಗಳು ಕಾಳಿಯ ಹಳೆಯ ಸೇತುವೆ ಮುರಿದು ಬಿದ್ದಿತು. ಬೆಟ್ಟದ ಬುಡವನ್ನು ಕಡಿದು ರಸ್ತೆಯನ್ನು ಅಗಲ ಮಾಡಿದಲ್ಲಿ ಮಳೆಯು ತನ್ನ ಲೆಕ್ಕವನ್ನು ಕೇಳುವುದು. ಅಲ್ಲದೆ ಜೂನ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನುಗಳು ಮರಿಮಾಡುವ ಕಾಲವದು. ಕೊಂಕಣ ರೈಲು ೧೯೯೮ರಲ್ಲಿ ಪೂರ್ಣವಾದಂದಿನಿಂದ ಪ್ರಯಾಣವು ಸುಲಭವಾಗಿದೆ. ಮುಂಬಯಿಯಿಂದ ಹೊರಡುವ ಒಂದು ಗಾಡಿಯ ಹೆಸರು ಮತ್ಸ್ಯಗಂಧ. ಕರಾವಳಿಯ ಗಾಡಿಗೆ ಇದಕ್ಕಿಂತ ಒಳ್ಳೆಯ ಹೆಸರನ್ನು ಯಾರೂ ಇಡಲಾರರು.

ಹೊರಡುವ ಮೊದಲು ಇಲ್ಲಿಯೇ ಮಾಡಬಹುದಾದ ಅಭ್ಯಾಸವೊಂದಿದೆ. ತಾಯಿಯೊಡನೆಯೋ ಅಜ್ಜಿಯೊಡನೆಯೋ ದಾದರದ ಮೀನುಪೇಟೆಗೆ ಹೋಗಿರಿ. ಮೀನು ತಿನ್ನದ ಮನೆಯವರೂ ಹೋಗಬಹುದು, ನೋಡುವುದಕ್ಕೆ ಅಡ್ಡಿಯಿಲ್ಲ. ಕೋಳಿ ಹೆಂಗಸು ತಿಸ್ರ್ಯಾ ಎಂದು ಮಾರುವುದನ್ನು ಅಜ್ಜಿಯು ಬಳಚು ಎನ್ನುವಳು. ಬಾಂಗಡಾ ಎಂದರೆ ಬಂಗಡೆ, ತಾರಲಿ ಎಂದರೆ ತಾರ್ಲೆ, ಕೋಳಂಬಿ ಎಂದರೆ ಶೆಟ್ಲಿ. ವಹಿಯಲ್ಲಿ ಮೂರು ಮನೆಗಳನ್ನು ಎಳೆದುಕೊಂಡು ಒಂದರಲ್ಲಿ ಮರಾಠಿಯ ಹೆಸರನ್ನೂ, ಎರಡನೆಯದರಲ್ಲಿ ಕನ್ನಡದ ಹೆಸರನ್ನೂ, ಮೂರನೆಯದರಲ್ಲಿ ಅದು ಅಳಿವೆಯದೋ ಕಡಲಿನದೋ ಎಂಬುದನ್ನೂ ಬರೆಯಿರಿ. ಮೂರನೆಯ ಮನೆಯನ್ನು ತುಂಬಲು ಅಜ್ಜಿಗೂ ತುಸು ಹೊತ್ತು ಬೇಕಾಗಬಹುದು. ಆಗ ಆ ಕೋಳಿ ಹೆಂಗಸನ್ನೇ ಕೇಳಿರಿ, ಆಕೆಗೆ ತಪ್ಪದೆ ಗೊತ್ತಿರುತ್ತದೆ.